ನೇರಳೆಯ ಬಣ್ಣದ ಬೆನ್ನು ಹತ್ತಿ

ನೇರಳೆ ಹಣ್ಣು ತಿಂದವನು ಸುಳ್ಳು ಹೇಳಲಾರ. ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆಷಾಢದ ಗಾಳಿ ಬೀಸತೊಡಗಿತೆಂದರೆ, ಮಧ್ಯಾಹ್ನದ ಬಿಡುವಿನಲ್ಲಿ ಕೆರೆಯ ಏರಿಯ ಮೇಲಿದ್ದ ನೇರಳೆ ಮರದ ಬುಡಕ್ಕೆ ಓಡುತ್ತಿದ್ದೆವು. ಗಂಟೆ ಹೊಡೆದ ಮೇಲೆ ತಡವಾಗಿ ಬಂದ ನಮ್ಮನ್ನು ಮೇಷ್ಟರು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಲೇ ಇರಲಿಲ್ಲ. "ನಾಲಗೆ ತೋರಿಸು" ಎನ್ನುತ್ತಿದ್ದರು, ಅಷ್ಟೆ. ಹೊರಕ್ಕೆ ಬಂದ ನಾಲಗೆ ಎಲ್ಲವನ್ನೂ ಹೇಳಿಬಿಡುತ್ತಿತ್ತು. ನನಗಿಂತ ಮೂರು ವರ್ಷ ದೊಡ್ಡವಳಾದ ನಮ್ಮ ಅಕ್ಕ ಮಾತ್ರ ಜಾಣೆ. ದಾರಿಯಲ್ಲಿ ಒಂದು ಹುಣಿಸೆಯ ಚೂರನ್ನು ಬಾಯಲ್ಲಿ ಹಾಕಿಕೊಂಡು ಉಜ್ಜಿ ಉಜ್ಜಿ ಬರುತ್ತಿದ್ದಳು. ಅದರಿಂದ ಬಣ್ಣ ಹೋಗುತ್ತಿರಲಿಲ್ಲ. ನೀಲಿಯಿದ್ದದ್ದು ಸ್ವಲ್ಪ ಕೆಂಪಾಗುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡೆ ಎಂದು ಹೇಳಲು ಅವಳಿಗೆ ಅಷ್ಟು ಸಾಕಾಗಿತ್ತು.

ಮುಂದೆ ಮೂವತ್ತೆರಡು ವರ್ಷ ಹೈಸ್ಕೂಲು ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನನಗೆ ಈ ಬಣ್ಣದ ನೆನಪು ಮತ್ತೆ ಬಂದದ್ದು ಕಳೆದ ವರ್ಷ, ಅಕ್ಕನ ಕಾರಣದಿಂದಲೇ. ಅವಳಿಗೆ ಈಗ ಎಪ್ಪತ್ತೊಂದು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗುತ್ತಿದೆಯೆಂದು ಡಾಕ್ಟರ ಬಳಿಗೆ ಹೋದಾಗ, ಕಣ್ಣಿನ ಹಿಂಬದಿಯ ಪರದೆಯಲ್ಲಿ ಕೂದಲೆಳೆಯಂಥ ರಕ್ತನಾಳಗಳು ಸೋರುತ್ತಿವೆ, ಲೇಸರ್ ಚಿಕಿತ್ಸೆ ಮಾಡಿಸಿ, ತಡ ಮಾಡಬೇಡಿ ಎಂದರು. ಅದೇ ವಾರ ಅಮೆರಿಕದಿಂದ ಬಂದ ಅವಳ ಮಗ, ತಾಯಿಯ ಮೇಲಿನ ಪ್ರೀತಿಯಿಂದ, ಮಾತ್ರೆಯ ಬಾಟಲಿಗಳನ್ನು ತಂದುಕೊಟ್ಟ. ಬಿಲ್‌ಬೆರಿ, ಬ್ಲೂಬೆರಿ ಎಂಬ ಹಣ್ಣುಗಳ ಬಣ್ಣವನ್ನು ಹಿಂಡಿ ಒಣಗಿಸಿ ತುಂಬಿದ ಮಾತ್ರೆಗಳು. ಜೊತೆಯಲ್ಲಿ ಒಂದು ಮಡಿಸಿದ ಚೀಟಿ. ಈ ಹಣ್ಣುಗಳ ಬಣ್ಣ ದೇಹವನ್ನು ಹಾಳುಮಾಡುವ ಫ್ರೀ ರ್ಯಾಡಿಕಲ್‌ಗಳನ್ನು ನಾಶಪಡಿಸುವ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್. ಅದು ಸಣ್ಣ ರಕ್ತನಾಳಗಳನ್ನು ಬಲಪಡಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರು ಬಿಲ್‌ಬೆರಿ ಜಾಮ್ ತಿಂದು ಕತ್ತಲಿನಲ್ಲಿ ಕಣ್ಣು ಕಾಣುವಂತಾದರು: ಇದು ಅದರ ಸಾರಾಂಶ.

"ಮೂರು ತಿಂಗಳು ಇದನ್ನು ತೆಗೆದುಕೊಂಡು ನೋಡ್ತೀನಿ ಕಣೋ. ಆಮೇಲೆ ಬೇಕಾದರೆ ಕಣ್ಣಿಗೆ ಬೆಳಕು ಹಾಯಿಸಿಕೊಂಡರಾಯಿತು" ಎಂದಳು ಅಕ್ಕ. ಬೇಡವೆಂದು ನಾನು ಹೇಳಿದಾಗ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ನೀನು ಕೆಮಿಸ್ಟ್ರಿ ಮೇಷ್ಟ್ರು ತಾನೆ? ಇದರಲ್ಲಿ ಯಾವ ಮಾತು ಸುಳ್ಳು, ತೋರಿಸು" ಎಂದಳು.

ನಾನು ಥಟ್ಟನೆ ತೋರಿಸಲಾರದೆ ಹೋದೆ. ಚೀಟಿಯಲ್ಲಿದ್ದ ಒಂದೊಂದು ಮಾತೂ ಎಲ್ಲೋ ಓದಿದಂತೆಯೇ ಇತ್ತು. ಈ ಮಾತುಗಳು ಎಲ್ಲಿಂದ ಹೊರಟು ಅಕ್ಕನ ಮೇಜಿನ ಮೇಲಿನ ಬಾಟಲಿಯವರೆಗೆ ಬಂದವು ಎಂಬುದನ್ನು ತಿಳಿದುಕೊಳ್ಳೋಣವೆಂದು ಪುಸ್ತಕಗಳನ್ನು ಹಿಡಿದು ಕುಳಿತೆ. ಆಗ ತಿಳಿದದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಬಣ್ಣದ ಕಥೆ. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಬಣ್ಣಗಳನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಔಷಧದ ಅಂಗಡಿಗಳಲ್ಲಿ ದೊರೆಯುತ್ತಿದ್ದ ವಯೊಲೆಟ್ ಹೂವಿನ ಪಾನಕಕ್ಕೆ ಹುಳಿ ದ್ರಾವಣ ಬಿಟ್ಟರೆ ಕೆಂಪಾಗುತ್ತದೆ, ಕ್ಷಾರ ಬಿಟ್ಟರೆ ಹಸಿರಾಗುತ್ತದೆ ಎಂದು ಅದರಲ್ಲಿ ಬರೆದ. ನಮ್ಮ ಶಾಲೆಗಳಲ್ಲಿ ಇದೇ ಪರೀಕ್ಷೆಯನ್ನು ದಾಸವಾಳದಿಂದ ಮಾಡುತ್ತೇವೆ. ಎಸಳನ್ನು ಬಿಳಿಯ ಕಾಗದಕ್ಕೆ ಉಜ್ಜಿ, ಒಂದು ತುದಿಗೆ ನಿಂಬೆಯ ರಸ, ಇನ್ನೊಂದು ತುದಿಗೆ ಸುಣ್ಣದ ತಿಳಿ ತಾಗಿಸಿದರೆ ಹುಡುಗರ ಕಣ್ಣು ಅರಳುತ್ತದೆ. ಹುಣಿಸೆಯ ಚೂರಿನಿಂದ ನಮ್ಮ ಅಕ್ಕ ನಾಲಗೆಯ ಮೇಲೆ ಮಾಡುತ್ತಿದ್ದುದೂ ಬಾಯ್ಲ್ ಮಹಾಶಯನ ಪ್ರಯೋಗವೇ.

ಈ ಬಣ್ಣಕ್ಕೆ ಹೆಸರಿಟ್ಟವನು ಜರ್ಮನಿಯ ಲುಡ್ವಿಗ್ ಮಾರ್ಕ್ವಾರ್ಟ್, 1835ರಲ್ಲಿ. ಗ್ರೀಕ್ ಭಾಷೆಯಲ್ಲಿ ಆಂಥೋಸ್ ಎಂದರೆ ಹೂ, ಕ್ಯಾನೋಸ್ ಎಂದರೆ ನೀಲಿ. ಎರಡೂ ಕೂಡಿ ಆಂಥೋಸಯನಿನ್ ಆಯಿತು. ಹೆಸರು ಬಂತೇ ಹೊರತು, ವಸ್ತು ಯಾವುದೆಂಬುದು ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಅದನ್ನು ತಿಳಿಸಿದವರು ರಿಚರ್ಡ್ ವಿಲ್‌ಸ್ಟೆಟರ್. 1913ರಲ್ಲಿ ಅವರು ಎವರೆಸ್ಟ್ ಎಂಬ ತಮ್ಮ ಸಹೋದ್ಯೋಗಿಯೊಡನೆ, ಯೂರೋಪಿನ ಗೋಧಿಯ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನಿಂದ ಬಣ್ಣವನ್ನು ಬೇರ್ಪಡಿಸಿದರು. ಅದರ ತಿರುಳಿಗೆ ಸಯನಿಡಿನ್ ಎಂದು ಹೆಸರಿಟ್ಟರು. ಅನಂತರ ಕೆಂಪು ಗುಲಾಬಿಯ ಬಣ್ಣ ತೆಗೆದು ನೋಡಿದರೆ, ಅದೂ ಅದೇ ವಸ್ತು! ನೀಲಿ ಹೂವಿಗೂ ಕೆಂಪು ಹೂವಿಗೂ ಬಣ್ಣ ಕೊಟ್ಟದ್ದು ಒಂದೇ. ದ್ರಾಕ್ಷಿ, ಬಿಲ್‌ಬೆರಿ ಮೊದಲಾದ ಹಣ್ಣುಗಳ ಬಣ್ಣವೂ ಇದೇ ಕುಟುಂಬಕ್ಕೆ ಸೇರಿದ್ದೆಂದು ಅವರ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ಸಸ್ಯಗಳ ಬಣ್ಣಗಳನ್ನು ಕುರಿತ ಕೆಲಸಕ್ಕಾಗಿ, ಮುಖ್ಯವಾಗಿ ಎಲೆಯ ಹಸಿರಿಗಾಗಿ, ಅವರಿಗೆ 1915ರ ನೊಬೆಲ್ ಪಾರಿತೋಷಕ ಬಂತು. ಈ ಮಹನೀಯರ ಬಾಳಿನ ಕೊನೆ ಮಾತ್ರ ಮನಸ್ಸನ್ನು ಕಲಕುವಂಥದು. ವಿಲ್‌ಸ್ಟೆಟರ್ ಯೆಹೂದಿ. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಯೆಹೂದಿಗಳ ಮೇಲೆ ಬೆಳೆಯುತ್ತಿದ್ದ ದ್ವೇಷವನ್ನು ಪ್ರತಿಭಟಿಸಿ 1924ರಲ್ಲಿ ತಮ್ಮ ಪೀಠವನ್ನೇ ಬಿಟ್ಟುಕೊಟ್ಟರು. 1939ರಲ್ಲಿ ದೇಶವನ್ನೂ ಬಿಟ್ಟು ಸ್ವಿಟ್ಜರ್ಲೆಂಡ್ ಸೇರಿ, ಅಲ್ಲಿಯೇ 1942ರಲ್ಲಿ ತೀರಿಕೊಂಡರು.

ಒಂದೇ ವಸ್ತು ಗುಲಾಬಿಯಲ್ಲಿ ಕೆಂಪಾಗಿಯೂ ಕಾರ್ನ್‌ಫ್ಲವರಿನಲ್ಲಿ ನೀಲಿಯಾಗಿಯೂ ಇರುವುದೇಕೆ? ಹೂವಿನ ರಸದ ಹುಳಿ ಮತ್ತು ಕ್ಷಾರದ ವ್ಯತ್ಯಾಸದಿಂದ, ಎಂದು ವಿಲ್‌ಸ್ಟೆಟರ್ ಹೇಳಿದ್ದರು. ಗಾಜಿನ ನಳಿಗೆಯಲ್ಲಿ ಅದು ಹೌದು. ಆದರೆ ಹೂವಿನೊಳಗೆ ಆಗುವುದು ಬೇರೆ. ಅಲ್ಲಿ ಬಣ್ಣದ ಅಣುಗಳು ಕಬ್ಬಿಣ, ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಲೋಹಗಳ ಸುತ್ತ ಕಟ್ಟಿಕೊಂಡು ನೀಲಿಯಾಗುತ್ತವೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ಅದರ ಪೂರ್ಣ ರಚನೆಯನ್ನೇ ಬಿಡಿಸಿ ತೋರಿಸಿದರು. ನಳಿಗೆಯಲ್ಲಿ ಕಂಡದ್ದು ಜೀವದಲ್ಲಿಯೂ ಹಾಗೆಯೇ ಇರಬೇಕೆಂದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ಬೇರೆ ವೇಷದಲ್ಲಿ ಬರುತ್ತದೆ.

ಇಂಗ್ಲೆಂಡಿನ ರಾಬರ್ಟ್ ರಾಬಿನ್‌ಸನ್ ಮತ್ತು ಅವರ ಪತ್ನಿ ಗರ್ಟ್ರೂಡ್ ಈ ಕೆಲಸವನ್ನು ಮುಂದುವರಿಸಿದರು. ಇಲ್ಲಿ ನಮ್ಮ ದೇಶದ ಇಬ್ಬರ ಹೆಸರು ಹೇಳಲೇಬೇಕು. ರಾಬಿನ್‌ಸನ್ನರ ಬಳಿ ಮ್ಯಾಂಚೆಸ್ಟರಿನಲ್ಲಿ ಕೆಲಸಮಾಡಿ ಬಂದ ಟಿ. ಆರ್. ಶೇಷಾದ್ರಿಯವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿಯೂ ಆಮೇಲೆ ದೆಹಲಿಯಲ್ಲಿಯೂ ನಮ್ಮ ಗಿಡಮರಗಳ ಬಣ್ಣಗಳನ್ನು ಜೀವಮಾನವೆಲ್ಲ ಶೋಧಿಸಿದರು. ಕೆ. ವೆಂಕಟರಾಮನ್ ಅವರು ಇದೇ ವರ್ಗದ ಫ್ಲೇವೋನ್‌ಗಳನ್ನು ತಯಾರಿಸಲು ಕಂಡುಕೊಂಡ ಒಂದು ಮಾರ್ಗ ಬೇಕರ್-ವೆಂಕಟರಾಮನ್ ಎಂಬ ಹೆಸರಿನಿಂದ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅವರೇ ಮುಂದೆ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೊದಲ ಭಾರತೀಯ ನಿರ್ದೇಶಕರಾದರು. ಇವರೆಲ್ಲ ಹಿಡಿದ ಮುಖ್ಯ ಪ್ರಶ್ನೆ, ಈ ಅಣು ಹೇಗೆ ಕಟ್ಟಿದೆ ಎಂಬುದು. ಇದನ್ನು ತಿಂದರೆ ಏನಾಗುತ್ತದೆ ಎಂಬ ಪ್ರಶ್ನೆ ಬೇರೊಂದು ದಿಕ್ಕಿನಿಂದ ಬಂತು.

ಆ ದಿಕ್ಕು ಹಂಗೆರಿ. ಆಲ್ಬರ್ಟ್ ಸೆಂಟ್-ಜ್ಯೋರ್ಜಿ 1928ರಲ್ಲಿ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ್ದರು. ಅದೇ ಸಿ ವಿಟಮಿನ್ ಎಂದು ಮುಂದೆ ಗೊತ್ತಾಯಿತು. ಆದರೆ ಅದು ಸಾಕಷ್ಟು ಪ್ರಮಾಣದಲ್ಲಿ ದೊರೆಯುತ್ತಿರಲಿಲ್ಲ. ಒಂದು ರಾತ್ರಿ ಹೆಂಡತಿ ಊಟಕ್ಕೆ ದಪ್ಪ ಮೆಣಸಿನಕಾಯಿ ಕೊಟ್ಟಳಂತೆ. ತಿನ್ನಲು ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ. ಪ್ರಯೋಗಶಾಲೆಗೆ ಎತ್ತಿಕೊಂಡು ಹೋಗಿ ಪರೀಕ್ಷಿಸಿದರೆ, ಮಧ್ಯರಾತ್ರಿಯ ಹೊತ್ತಿಗೆ ಅದು ಸಿ ವಿಟಮಿನ್ನಿನ ಗಣಿಯೆಂದು ತಿಳಿಯಿತು. ಈ ಕಥೆಯನ್ನು ಹೇಳಿದವರು ಅವರೇ. 1937ರಲ್ಲಿ ಅವರಿಗೆ ನೊಬೆಲ್ ಬಂತು.

ನಮಗೆ ಬೇಕಾದದ್ದು ಅದಕ್ಕೆ ಒಂದು ವರ್ಷ ಹಿಂದಿನ ಸಂಗತಿ. ಚರ್ಮದಡಿಯ ಸಣ್ಣ ರಕ್ತನಾಳಗಳು ಸೋರುವ ಕೆಲವು ರೋಗಿಗಳಿಗೆ ಶುದ್ಧ ಸಿ ವಿಟಮಿನ್ ಕೊಟ್ಟರೆ ಗುಣವಾಗಲಿಲ್ಲ. ನಿಂಬೆ ಮತ್ತು ಮೆಣಸಿನಕಾಯಿಯ ಶುದ್ಧಿಮಾಡದ ಸಾರ ಕೊಟ್ಟರೆ ಗುಣ ಕಂಡಿತು. ಹಾಗಾದರೆ ಆ ಸಾರದಲ್ಲಿ ಇನ್ನೊಂದು ಏನೋ ಇರಬೇಕು. ಅದು ಸಸ್ಯದ ಬಣ್ಣಗಳ ಫ್ಲೇವನಾಯ್ಡ್ ವರ್ಗಕ್ಕೆ, ಅಂದರೆ ನಮ್ಮ ಆಂಥೋಸಯನಿನ್‌ಗಳ ಹತ್ತಿರದ ಬಳಗಕ್ಕೆ, ಸೇರಿದ್ದೆಂದು ಸೆಂಟ್-ಜ್ಯೋರ್ಜಿ ಮತ್ತು ರುಸ್ನ್ಯಾಕ್ 1936ರಲ್ಲಿ ಪ್ರಕಟಿಸಿ, ಪಿ ವಿಟಮಿನ್ ಎಂದು ಹೆಸರಿಟ್ಟರು. ರಕ್ತನಾಳದ ಗೋಡೆಯ ಸೋರಿಕೆಗೆ ಅವರ ಶಾಸ್ತ್ರದಲ್ಲಿರುವ ಪದದ ಮೊದಲಕ್ಷರ ಪಿ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸೋರುವ ಸಣ್ಣ ರಕ್ತನಾಳ! ಅಕ್ಕನ ಕಣ್ಣಿನ ಡಾಕ್ಟರು ಹೇಳಿದ್ದೂ ಅದೇ ಮಾತು. ಚೀಟಿ ಬರೆದವನು ಇದನ್ನು ಗಾಳಿಯಿಂದ ಹಿಡಿದು ತಂದಿರಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದಾಗ ಪಿ ವಿಟಮಿನ್ನಿನ ಫಲ ನಿಲ್ಲಲಿಲ್ಲ. ಅದಿಲ್ಲದಿದ್ದರೆ ಇಂಥ ರೋಗ ಬರುತ್ತದೆ ಎಂದು ಯಾರಿಗೂ ತೋರಿಸಲಾಗಲಿಲ್ಲ. ಹಾಗೆ ತೋರದೆ ಯಾವುದೂ ವಿಟಮಿನ್ ಆಗದು. 1950ರಲ್ಲಿ ಅಮೆರಿಕದ ಜೀವರಸಾಯನ ಮತ್ತು ಪೋಷಣಶಾಸ್ತ್ರದ ವಿದ್ವಾಂಸರ ಸಮಿತಿ ಆ ಹೆಸರನ್ನು ಕೈಬಿಡಬೇಕೆಂದು ಸಲಹೆ ಮಾಡಿತು. ಹೆಸರು ಹೋಯಿತು. ರಕ್ತನಾಳವನ್ನು ಬಲಪಡಿಸುತ್ತದೆ ಎಂಬ ಮಾತು ಮಾತ್ರ ಉಳಿದುಕೊಂಡು ಬಂತು.

ಇನ್ನು ಫ್ರೀ ರ್ಯಾಡಿಕಲ್. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರುತ್ತವೆ. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನು ಉಳ್ಳ ತುಣುಕೇ ಫ್ರೀ ರ್ಯಾಡಿಕಲ್. ಅದು ಪಕ್ಕದ ಅಣುವಿನಿಂದ ಒಂದನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡದ್ದು ತಾನೂ ರ್ಯಾಡಿಕಲ್ ಆಗಿ ಇನ್ನೊಂದರ ಮೇಲೆ ಬೀಳುತ್ತದೆ. ಹಳೆಯ ಕೊಬ್ಬರಿ ಎಣ್ಣೆ ಕಮಟುವುದು ಹೀಗೆ, ಒಂದರಿಂದ ಒಂದಕ್ಕೆ ಹಬ್ಬುವ ಈ ಸರಪಳಿಯಿಂದ. ತನ್ನಲ್ಲಿರುವುದನ್ನು ಕೊಟ್ಟೂ ತಾನು ಕೆರಳದೆ ಉಳಿದು ಸರಪಳಿಯನ್ನು ಕಡಿಯುವ ವಸ್ತು ಉತ್ಕರ್ಷಣ ನಿರೋಧಕ. ಆಂಥೋಸಯನಿನ್ನಿನ ರಚನೆ ಈ ಕೆಲಸಕ್ಕೆ ಬಹಳ ಅನುಕೂಲವಾಗಿದೆ. ಇದರಲ್ಲಿ ಸುಳ್ಳೇನೂ ಇಲ್ಲ.

ಇಂಥ ರ್ಯಾಡಿಕಲ್ ಒಂದನ್ನು ಮೊಟ್ಟಮೊದಲು ಕಂಡವರು ಅಮೆರಿಕದ ಮೋಸೆಸ್ ಗೊಂಬರ್ಗ್, 1900ರಲ್ಲಿ. ಉತ್ಕರ್ಷಣ ನಿರೋಧಕಗಳ ಶಾಸ್ತ್ರ ಬೆಳೆದದ್ದು ಫ್ರಾನ್ಸಿನಲ್ಲಿ, ಅದೂ ಆಹಾರಕ್ಕಾಗಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಮೇಲೆ ಬಿಡಲು ಆಕ್ರೋಲೀನ್ ಎಂಬ ಕಣ್ಣುರಿಯ ರಾಸಾಯನಿಕವಿತ್ತು. ಇಟ್ಟಲ್ಲಿಯೇ ಕೆಡುತ್ತಿದ್ದ ಅದನ್ನು ಕಾಪಾಡುವ ಬಗೆಯನ್ನು ಮುರೂ ಎಂಬ ವಿಜ್ಞಾನಿ ಹುಡುಕಿದರು. ಅದರಿಂದ ಹೊರಟ ಕೆಲಸವನ್ನು ಅವರೂ ಡುಫ್ರೇಸ್ ಅವರೂ 1922ರಲ್ಲಿ ಪ್ರಕಟಿಸಿದರು. ಬೇಗನೆ ಅದು ರಬ್ಬರು, ಪೆಟ್ರೋಲು, ಕೊಬ್ಬುಗಳನ್ನು ಕೆಡದಂತೆ ಇಡುವ ವಿದ್ಯೆಯಾಯಿತು. ಡಬ್ಬಿಯೊಳಗಿನ ವಿದ್ಯೆ ಅದು.

ಅದು ದೇಹವನ್ನು ಹೊಕ್ಕದ್ದು 1950ರ ದಶಕದಲ್ಲಿ. ಅತಿಯಾದ ಆಮ್ಲಜನಕವೂ ಎಕ್ಸ್-ಕಿರಣವೂ ಜೀವಕ್ಕೆ ಕೇಡುಮಾಡುವುದು ಫ್ರೀ ರ್ಯಾಡಿಕಲ್‌ಗಳ ಮೂಲಕವೇ ಎಂದು ಅರ್ಜೆಂಟೀನದ ರೆಬೆಕಾ ಗರ್ಷ್‌ಮನ್ 1954ರಲ್ಲಿ ವಾದಿಸಿದರು. ತೈಲದ ಕಂಪೆನಿಯಲ್ಲಿ ರಸಾಯನಜ್ಞನಾಗಿದ್ದು ಅನಂತರ ವೈದ್ಯನಾದ ಡೆನ್‌ಹ್ಯಾಮ್ ಹಾರ್ಮನ್, ಮುಪ್ಪಿಗೆ ಕಾರಣವೇ ಈ ರ್ಯಾಡಿಕಲ್‌ಗಳು ಎಂದು 1956ರಲ್ಲಿ ಬರೆದರು. ಬಹಳ ವರ್ಷ ಯಾರೂ ಗಮನಿಸಲಿಲ್ಲ. 1969ರಲ್ಲಿ ಮ್ಯಾಕ್‌ಕಾರ್ಡ್ ಮತ್ತು ಫ್ರಿಡೊವಿಚ್, ಇಂಥ ರ್ಯಾಡಿಕಲ್ ಒಂದನ್ನು ಅಡಗಿಸಲೆಂದೇ ನಮ್ಮ ಜೀವಕೋಶಗಳಲ್ಲಿ ಒಂದು ಕಿಣ್ವವಿದೆ ಎಂದು ತೋರಿಸಿದ ಮೇಲೆ ಎಲ್ಲರೂ ತಿರುಗಿ ನೋಡಿದರು. ದೇಹ ಕಾವಲುಗಾರನನ್ನು ಇಟ್ಟುಕೊಂಡಿದೆ ಎಂದರೆ ಕಳ್ಳನಿರುವುದು ನಿಜವೇ ಸರಿ. ಆದರೆ 1973ರಲ್ಲಿ ಬೇಬಿಯರ್ ಮತ್ತು ಅವರ ಸಂಗಡಿಗರು, ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲಲು ಅದೇ ರ್ಯಾಡಿಕಲ್ಲನ್ನು ತಾವೇ ತಯಾರಿಸುತ್ತವೆ ಎಂಬುದನ್ನು ಕಂಡರು. ಕಳ್ಳನೆಂದುಕೊಂಡವನು ಕೆಲವು ಹೊತ್ತಿನಲ್ಲಿ ಮನೆಯ ಆಳೂ ಹೌದು. ಈ ಎರಡನೆಯ ಮಾತು ಅಂಗಡಿಯವರೆಗೆ ಬರಲೇ ಇಲ್ಲ.

ಬಣ್ಣದ ಕಥೆ, ವಿಟಮಿನ್ನಿನ ಕಥೆ, ರ್ಯಾಡಿಕಲ್ಲಿನ ಕಥೆ, ಈ ಮೂರೂ ಕೂಡಿದ್ದು ಅಮೆರಿಕದ ಬ್ಲೂಬೆರಿಯಲ್ಲಿ. ಈ ಹಣ್ಣು 20ನೆಯ ಶತಮಾನದ ಆರಂಭದವರೆಗೂ ಅಲ್ಲಿ ಕಾಡುಹಣ್ಣು. ನಮ್ಮಲ್ಲಿ ಕವಳೆ ಇದ್ದ ಹಾಗೆ. ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಎಂಬ ಮಹಿಳೆ, ಸರ್ಕಾರದ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಬರೆದದ್ದನ್ನು 1911ರಲ್ಲಿ ಓದಿ, ಪ್ರಯೋಗಕ್ಕೆ ತಮ್ಮ ತೋಟದಲ್ಲಿ ಸ್ಥಳ ಕೊಡುವೆನೆಂದು ಬರೆದಳು. ಸುತ್ತಿನ ಕಾಡು ಬಲ್ಲ ಜನರಿಗೆ ತೂತುಗಳುಳ್ಳ ಅಳತೆಪಟ್ಟಿ ಕೊಟ್ಟು, ಅದರಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಟ್ಟಳು. ಪೊದೆಗೆ ತೋರಿಸಿದವನ ಹೆಸರನ್ನೇ ಇಟ್ಟಳು. 1916ರಲ್ಲಿ ಬೇಸಾಯದ ಬ್ಲೂಬೆರಿ ಮೊದಲ ಸಲ ಮಾರುಕಟ್ಟೆಗೆ ಬಂತು.

1990ರ ದಶಕದಲ್ಲಿ ಇದೇ ಹಣ್ಣಿಗೆ ಅಂಕಿಯ ಕಿರೀಟ ಬಂತು. ಗುವೊಹುವಾ ಕಾವ್ ಮತ್ತು ಅವರ ಸಂಗಡಿಗರು 1993ರಲ್ಲಿ ಒರಾಕ್ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಹೊಳೆಯುವ ಒಂದು ವಸ್ತುವನ್ನು ನಳಿಗೆಯಲ್ಲಿಟ್ಟು ರ್ಯಾಡಿಕಲ್ ಬಿಟ್ಟರೆ ಅದರ ಹೊಳಪು ಕುಂದುತ್ತದೆ; ಹಣ್ಣಿನ ರಸ ಸೇರಿಸಿದರೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದೇ ಅದರ ಅಂಕ. ಬಾಸ್ಟನ್ನಿನ ಸರ್ಕಾರಿ ಸಂಶೋಧನ ಕೇಂದ್ರದಲ್ಲಿ ಹಣ್ಣು ತರಕಾರಿಗಳನ್ನೆಲ್ಲ ಹೀಗೆ ಅಳೆದಾಗ ಬ್ಲೂಬೆರಿ ಮುಂದಿನ ಸಾಲಿನಲ್ಲಿ ನಿಂತಿತು. ಅಲ್ಲಿಯೇ ಜೇಮ್ಸ್ ಜೋಸೆಫ್ ಮತ್ತು ಅವರ ತಂಡ ಮುದಿ ಇಲಿಗಳಿಗೆ ಎಂಟು ವಾರ ಬ್ಲೂಬೆರಿಯ ಸಾರ ಉಣಿಸಿ, ಅವುಗಳ ಮೈಹಿಡಿತ ಸುಧಾರಿಸಿತೆಂದು 1999ರಲ್ಲಿ ಪ್ರಕಟಿಸಿದರು. ಪತ್ರಿಕೆಗಳು ಹಿಗ್ಗಿದವು. 2007ರಲ್ಲಿ ಅಮೆರಿಕದ ಕೃಷಿ ಇಲಾಖೆ ಒರಾಕ್ ಅಂಕಿಗಳ ದೊಡ್ಡ ಪಟ್ಟಿಯನ್ನೇ ಹೊರತಂದಿತು. ಬಾಟಲಿಗಳ ಮೇಲೆ ಅಂಕಿ ಏರತೊಡಗಿತು.

ಆದರೆ ಇಷ್ಟು ಹೊತ್ತಿಗೆ ಫಿನ್ಲೆಂಡಿನಿಂದ ಒಂದು ಸುದ್ದಿ ಬಂದು ಹೋಗಿತ್ತು. ಉತ್ಕರ್ಷಣ ನಿರೋಧಕಗಳು ಕ್ಯಾನ್ಸರನ್ನು ತಡೆಯುವುದಾದರೆ ಮೊದಲು ತೋರಬೇಕಾದದ್ದು ಸಿಗರೇಟು ಸೇದುವವರಲ್ಲಿ ಎಂದು, 29,133 ಧೂಮಪಾನಿ ಗಂಡಸರಿಗೆ ಐದರಿಂದ ಎಂಟು ವರ್ಷ ಇ ವಿಟಮಿನ್, ಬೀಟಾ ಕೆರೋಟಿನ್, ಇಲ್ಲವೆ ಬರಿಯ ಹುಸಿಮಾತ್ರೆ ಕೊಟ್ಟು ನೋಡಿದರು. ಬೀಟಾ ಕೆರೋಟಿನ್ ಬೆರಿಹಣ್ಣಿನ ಬಣ್ಣವಲ್ಲ, ಗಜ್ಜರಿಯ ಬಣ್ಣ. ತರ್ಕ ಮಾತ್ರ ಒಂದೇ. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ 18,314 ಮಂದಿಯ ಮೇಲೆ ನಡೆಯುತ್ತಿದ್ದ ಇಂಥದೇ ಪ್ರಯೋಗದಲ್ಲಿ, ಬೀಟಾ ಕೆರೋಟಿನ್ನಿನ ಜೊತೆಗೆ ಎ ವಿಟಮಿನ್ ಪಡೆದವರಲ್ಲಿ ಅದು ನೂರಕ್ಕೆ 28ರಷ್ಟು ಹೆಚ್ಚಿದ್ದುದು ಕಂಡು, 1996ರ ಜನವರಿಯಲ್ಲಿ ಅವಧಿಗೆ ಮೊದಲೇ ಮಾತ್ರೆ ಕೊಡುವುದನ್ನು ನಿಲ್ಲಿಸಿಬಿಟ್ಟರು. ಹಣ್ಣು ತರಕಾರಿ ಹೆಚ್ಚು ತಿನ್ನುವವರು ಆರೋಗ್ಯವಾಗಿರುತ್ತಾರೆ ಎಂಬುದು ನಿಜ. ಅದರೊಳಗಿನ ಒಂದು ವಸ್ತುವನ್ನು ಹಿಂಡಿ ಮಾತ್ರೆ ಮಾಡಿ ನುಂಗಿದರೂ ಅದೇ ಫಲ ಬರುತ್ತದೆ ಎಂಬುದು ಊಹೆ. ಆ ಊಹೆಗೆ ಎಷ್ಟೋ ಮನೆಗಳು ಬೆಲೆ ತೆತ್ತವು.

ಬೆರಿಹಣ್ಣಿನ ಬಣ್ಣದ ವಿಷಯದಲ್ಲಿ ಇನ್ನೊಂದು ತೊಡಕು. ಸೇಬು ಮೊದಲಾದ ಫ್ಲೇವನಾಯ್ಡ್ ಹೆಚ್ಚಿರುವ ಆಹಾರ ತಿಂದ ಮೇಲೆ ರಕ್ತದ ಉತ್ಕರ್ಷಣ ನಿರೋಧಕ ಶಕ್ತಿ ಏರುತ್ತಿದ್ದುದೇನೋ ಹೌದು. ಲೊಟಿಟೊ ಮತ್ತು ಫ್ರೈ ಎಂಬ ಸಂಶೋಧಕರು ಅದನ್ನೆಲ್ಲ ಕೂಲಂಕಷವಾಗಿ ವಿಮರ್ಶಿಸಿ, ಆ ಏರಿಕೆ ಬಣ್ಣದಿಂದ ಬಂದದ್ದಲ್ಲ, ಹಣ್ಣಿನ ಸಕ್ಕರೆಯಿಂದ ರಕ್ತದಲ್ಲಿ ಹೆಚ್ಚುವ ಯೂರಿಕ್ ಆಮ್ಲದಿಂದ ಬಂದದ್ದಾಗಿರಬೇಕು ಎಂದು 2006ರಲ್ಲಿ ತೋರಿಸಿದರು. ನಾವು ತಿಂದ ಆಂಥೋಸಯನಿನ್ ಹೆಚ್ಚಾಗಿ ಇದ್ದ ರೂಪದಲ್ಲಿ ರಕ್ತಕ್ಕೆ ಸೇರುವುದಿಲ್ಲ, ಸೇರುವುದು ಅತ್ಯಲ್ಪ. ಗುರುತು ಹಚ್ಚಿದ ಇಂಗಾಲವುಳ್ಳ ಬಣ್ಣವನ್ನು ಮನುಷ್ಯರಿಗೆ ಕೊಟ್ಟು 2013ರಲ್ಲಿ ಹಿಂಬಾಲಿಸಿದಾಗ, ಉಸಿರಿನಲ್ಲಿಯೂ ಮೂತ್ರದಲ್ಲಿಯೂ ಸೇರಿ ನೂರಕ್ಕೆ 12ರಷ್ಟು ಸಿಕ್ಕಿತು. ಅದೂ ಬಹುಪಾಲು ಒಡೆದು ಬೇರೆಯಾದ ತುಣುಕುಗಳ ರೂಪದಲ್ಲಿ. ನಳಿಗೆಯಲ್ಲಿ ಅಂಕ ಗಳಿಸಿದ ವಸ್ತು ಬೇರೆ, ರಕ್ತದಲ್ಲಿ ಓಡಾಡುವ ವಸ್ತು ಬೇರೆ. ಕೊನೆಗೆ 2012ರಲ್ಲಿ ಅಮೆರಿಕದ ಕೃಷಿ ಇಲಾಖೆ, ಈ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧವಿಲ್ಲವೆಂದೂ ಮಾರಾಟಗಾರರು ಅವನ್ನು ದುರುಪಯೋಗಪಡಿಸುತ್ತಿದ್ದಾರೆಂದೂ ಹೇಳಿ ತನ್ನ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಉಳಿದದ್ದು ವಿಮಾನ ಚಾಲಕರ ಜಾಮ್. ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ತನ್ನ ರಡಾರ್ ಯಂತ್ರದ ಗುಟ್ಟು ಕಾಯಲು, ನಮ್ಮ ಚಾಲಕರು ಗಜ್ಜರಿ ತಿಂದು ಇರುಳಿನಲ್ಲಿ ಶತ್ರುವಿಮಾನ ಕಾಣುತ್ತಾರೆ ಎಂಬ ಮಾತನ್ನು ಹಬ್ಬಿಸಿದ ಕಥೆ ಪ್ರಸಿದ್ಧವಾಗಿದೆ. ಬಿಲ್‌ಬೆರಿಯ ಕಥೆ ಅದರ ತಮ್ಮನಂತಿದೆ. ಆ ಕಾಲದ ದಾಖಲೆಯ ಆಧಾರ ಅದಕ್ಕಿಲ್ಲ. ಆದರೂ ಪರೀಕ್ಷೆಗಳು ನಡೆದವು. ಅಮೆರಿಕದಲ್ಲಿ ಮ್ಯೂತ್ ಮತ್ತು ಸಂಗಡಿಗರು ಒಳ್ಳೆಯ ದೃಷ್ಟಿಯುಳ್ಳ ತರುಣರಿಗೆ ಮೂರು ವಾರ ಬಿಲ್‌ಬೆರಿಯ ಸಾರ ಕೊಟ್ಟು, ಹುಸಿಮಾತ್ರೆಗಿಂತ ಏನೂ ಹೆಚ್ಚಿಲ್ಲವೆಂದು 2000ದಲ್ಲಿ ಬರೆದರು. ಕ್ಯಾಂಟರ್ ಮತ್ತು ಅರ್ನ್‌ಸ್ಟ್ 2004ರಲ್ಲಿ ಅದುವರೆಗಿನ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, ಕಟ್ಟುನಿಟ್ಟಾಗಿ ನಡೆದವು ಯಾವುವೂ ಇರುಳುದೃಷ್ಟಿಯ ಮಾತನ್ನು ಬೆಂಬಲಿಸುವುದಿಲ್ಲ ಎಂದರು.

ಇಷ್ಟು ಹೇಳಿ ನಿಲ್ಲಿಸಿದರೆ ಹಣ್ಣಿಗೆ ಅನ್ಯಾಯವಾಗುತ್ತದೆ. ಇಂಗ್ಲೆಂಡಿನಲ್ಲಿ 115 ಮಂದಿಗೆ ಆರು ತಿಂಗಳು ಬ್ಲೂಬೆರಿ ಕೊಟ್ಟು ನಡೆಸಿದ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ 150 ಗ್ರಾಂ ಹಣ್ಣಿನಷ್ಟು ತಿಂದವರ ರಕ್ತನಾಳಗಳು ಸ್ವಲ್ಪ ಮೆತ್ತಗಾಗಿ ಹಿಗ್ಗುವಂತಾದವು. ಸಕ್ಕರೆಯ ಹತೋಟಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಬೆಳೆಗಾರರ ಮಂಡಳಿಯ ಹಣವೂ ಅದರಲ್ಲಿತ್ತೆಂಬುದನ್ನು ಮರೆಯಬಾರದು. ಆದರೂ ಬಣ್ಣದ ಒಡೆದ ತುಣುಕುಗಳು ಜೀವಕೋಶಗಳಿಗೆ ಏನೋ ಸನ್ನೆ ಮಾಡುತ್ತಿರಬಹುದು, ರ್ಯಾಡಿಕಲ್ಲನ್ನು ಹಿಡಿಯುವ ಕಥೆ ಬೇರೆ, ಇದು ಬೇರೆ ಎಂಬ ಕಡೆಗೆ ಈಗ ವಿದ್ವಾಂಸರ ನೋಟ ತಿರುಗಿದೆ. ಇದಕ್ಕಾಗಿ ದೂರದ ಹಣ್ಣೇ ಬೇಕೆಂದಿಲ್ಲ. ನೇರಳೆಯ ಬಣ್ಣವೂ ಆಂಥೋಸಯನಿನ್ನೇ. ಮಲೆನಾಡಿನವರ ಮುರುಗಲಿನ, ಕರಾವಳಿಯವರ ಪುನರ್ಪುಳಿಯ ಪಾನಕಕ್ಕೆ ಕೆಂಪು ಕೊಡುವುದು ವಿಲ್‌ಸ್ಟೆಟರ್ ಕಾರ್ನ್‌ಫ್ಲವರಿನಲ್ಲಿ ಕಂಡ ಆ ಸಯನಿಡಿನ್ನೇ.

ಇದನ್ನೆಲ್ಲ ಬರೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ಕನ್ನಡಕ ತೆಗೆದಿಟ್ಟು, ನಡುವೆ ಮಾತಾಡದೆ ಎಲ್ಲವನ್ನೂ ಕೇಳಿದಳು. ಕೊನೆಗೆ, "ಹಾಗಾದರೆ ಸುಳ್ಳು ಯಾವುದು ಅಂತ ನೀನು ಈಗಲೂ ಹೇಳಲಿಲ್ಲವಲ್ಲೋ" ಎಂದಳು.

"ಒಂದೊಂದೂ ಎಲ್ಲೋ ಒಂದು ಕಡೆ ಯಾರೋ ನಿಜವಾಗಿ ಕಂಡದ್ದೇ ಅಕ್ಕ, ಆ ಜಾಮಿನ ಕಥೆ ಒಂದು ಬಿಟ್ಟು. ಒಂದು ನಳಿಗೆಯಲ್ಲಿ ಕಂಡದ್ದು, ಒಂದು ಇಲಿಯಲ್ಲಿ ಕಂಡದ್ದು, ಒಂದು ಆಮೇಲೆ ಬಿದ್ದುಹೋದದ್ದು. ನಿನ್ನ ಕಣ್ಣಿನಲ್ಲಿ ಕಂಡದ್ದು ಯಾವುದೂ ಇಲ್ಲ. ನಿನ್ನ ಕಣ್ಣನ್ನು ನೋಡಿದವರು ಆ ಡಾಕ್ಟರು ಒಬ್ಬರೇ" ಎಂದೆ.

ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮಗ ಅಷ್ಟು ದೂರದಿಂದ ತಂದದ್ದು ಕಣೋ" ಎಂದಳು. ಆ ಮಾತಿಗೆ ನನ್ನ ಬರಹದಲ್ಲಿ ಉತ್ತರವಿರಲಿಲ್ಲ. ಮರುದಿನ ಅವಳ ಮಗನಿಗೆ ನಾನೇ ಫೋನು ಮಾಡಿದೆ. ಅವನೇ ತಾಯಿಯೊಡನೆ ಮಾತಾಡಿ, ಆಸ್ಪತ್ರೆಗೆ ದಿನ ಗೊತ್ತುಮಾಡಿದ.

ಲೇಸರ್ ಚಿಕಿತ್ಸೆ ಆಯಿತು. ಬಲಗಣ್ಣು ಉಳಿದಿದೆ. ಎಡಗಣ್ಣಿನಲ್ಲಿ ಕಳೆದುಹೋದ ದೃಷ್ಟಿ ಹಿಂದಕ್ಕೆ ಬರುವುದಿಲ್ಲ, ಇನ್ನು ಹೋಗದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಎಂಬ ಮಾತನ್ನು ಅವರು ಆಡಲಿಲ್ಲ. ನಾನು ಕೇಳಲೂ ಇಲ್ಲ. ಅಕ್ಕ ಮಾತ್ರೆ ನುಂಗುತ್ತಿದ್ದ ದಿನಗಳಲ್ಲಿ ಐದು ವಾರ ನಾನು ಪುಸ್ತಕ ಹಿಡಿದು ಕುಳಿತಿದ್ದುದೂ ಸೇರಿದೆ. ಮೊದಲ ದಿನವೇ ಅವಳ ಮಗನಿಗೆ ಫೋನು ಮಾಡಬಹುದಾಗಿತ್ತು. ಅವಳು ಅದನ್ನು ಎಂದೂ ಎತ್ತಿ ಆಡಿಲ್ಲ.

ಈ ವರ್ಷ ಆಷಾಢದಲ್ಲಿ ಅವಳ ಮನೆಯ ಮುಂದೆ ಗಾಡಿಯವನು ನೇರಳೆ ಹಣ್ಣು ತಂದಿದ್ದ. ಡಾಕ್ಟರು ಒಪ್ಪಿದ ಲೆಕ್ಕದಲ್ಲಿ ಹತ್ತೋ ಹನ್ನೆರಡೋ ಹಣ್ಣು, ಉಪ್ಪು ಹಾಕಿ, ಪೊಟ್ಟಣದಲ್ಲಿ ತೆಗೆದುಕೊಂಡೆವು. ಜಗಲಿಯ ಮೇಲೆ ಕುಳಿತು ತಿಂದಾದ ಮೇಲೆ ಅಕ್ಕ ಬಲಗಣ್ಣನ್ನು ಕಿರಿದು ಮಾಡಿ ನನ್ನ ಕಡೆಗೆ ತಿರುಗಿ, "ಎಲ್ಲಿ, ನಾಲಗೆ ತೋರಿಸು" ಎಂದಳು.